ಅಳತೆ ಬ್ಲೌಸ್

ತಮಿಳುನಾಡಿನ ಗಡಿಗೆ ಅಂಟಿದ ಮಾರ್ಟಳ್ಳಿಯ ಟೈಲರಮ್ಮ, ಅಂಗಡಿಗೆ ಯಾರೇ ಬಂದರೂ ಮೊದಲು ಕೇಳುತ್ತಿದ್ದದ್ದು ಒಂದೇ: "ಅಳತೆ ಬ್ಲೌಸ್ ತಂದ್ರಾ?" ತರದವರನ್ನು ನಿಲ್ಲಿಸಿ ಟೇಪು ಹಿಡಿಯುತ್ತಿದ್ದರು. ಇಂಚು ಎಣಿಸುವುದು ತಮಿಳಿನಲ್ಲಿ, ಚೀಟಿಯಲ್ಲಿ ಬರೆಯುವುದು ಕನ್ನಡದಲ್ಲಿ. ಬೈಯುವಾಗ ಮಾತ್ರ ಎರಡೂ.

ನಾನು ಹೋಗಿದ್ದು ಭಾಷಾ ಸಮೀಕ್ಷೆಗೆ. ಜಗತ್ತಿನ ಎಲ್ಲ ಭಾಷೆಗಳನ್ನೂ ಒಂದೇ ಚೌಕಟ್ಟಿನಲ್ಲಿ ವಿವರಿಸುವ ಘನಕಾರ್ಯವಂತೆ! ಎಲ್ಲೋ ಕೂತವರು ಭಾಷೆಗಳ ಪಟ್ಟಿ ಮಾಡಿ ಟ್ಯಾಬ್‌ಗೆ ತುಂಬಿ ಕೊಟ್ಟಿದ್ದರು. ಮೂರು ದಿನ ಟೈಲರಮ್ಮನ ಮಾತು ರೆಕಾರ್ಡ್ ಮಾಡಿದೆ. ಕೊನೆಗೆ ವಿವರ ತುಂಬಲು ಕೂತರೆ, ಒಬ್ಬರಿಗೆ ಒಂದೇ ಮಾತೃಭಾಷೆ. ಕನ್ನಡ ಒತ್ತಿದರೆ ತಮಿಳು ಅಳಿಸಿಹೋಗುತ್ತಿತ್ತು, ತಮಿಳು ಒತ್ತಿದರೆ ಕನ್ನಡ. ಸಿಟ್ಟು ಬಂದು ಮೇಲಿನವರಿಗೆ ಫೋನ್ ಮಾಡಿದೆ.

"ಅಂಥವರನ್ನ 'ಇತರೆ'ಗೆ ಹಾಕಿ. ಪಟ್ಟಿ ಬದಲಾಯಿಸೋಕಾಗಲ್ಲ" ಎಂದು ಇಟ್ಟುಬಿಟ್ಟರು.

ಸ್ಪೀಕರ್ ಆನ್ ಆಗಿತ್ತು. ಟೈಲರಮ್ಮ ಮಿಷನ್ನಿನ ಚಕ್ರವನ್ನು ಅಂಗೈಯಿಂದ ತಡೆದು ನಿಲ್ಲಿಸಿದರು.

"ನಮ್ಮವ್ವನ ಮಾತು ಒಂದು, ನಮ್ಮಪ್ಪನ ಮಾತು ಒಂದು. ಎರಡೂ ನಂದೇ ಕಣ್ರಿ. ಇತರೆ ಅಂದ್ರೆ ಯಾರ್ದು ಸಾ? ಆ ಪಟ್ಟಿ ಮಾಡ್ದೋರು ನಮ್ಮೂರಿಂದ ಅಳತೆ ಬ್ಲೌಸ್ ತಕಂಡೋಗಿದ್ರಾ?"

ನಾನು ಅವರ ಎದುರಿಗೇ 'ಇತರೆ' ಒತ್ತಿದೆ.

ಆ ಮೂರು ದಿನಗಳಲ್ಲಿ ಬಿಗಿಯಾಯಿತೆಂದು ಒಂದೆರಡು ಬ್ಲೌಸ್ ವಾಪಸ್ ಬಂದಿದ್ದವು. ಟೈಲರಮ್ಮ ಗೊಣಗುತ್ತಲೇ ಹೊಲಿಗೆ ಬಿಚ್ಚಿದರೇ ಹೊರತು, ನಿಮ್ಮ ಮೈಯೇ ಸರಿಯಿಲ್ಲ ಎಂದು ಯಾರಿಗೂ ಹೇಳಲಿಲ್ಲ.

'ಇತರೆ' ಒತ್ತಿ ಹಾಗೆ ಹೇಳಿ ಬಂದವನು ನಾನು.