ಸಾರಿಸಿಟ್ಟ ಮನೆ

ಚಂಡಮಾರುತ ಅಪ್ಪಳಿಸಿದ್ದು ಆಂಧ್ರದ ಕರಾವಳಿಗೆ. ನಮ್ಮ ಜಿಲ್ಲೆಗೆ ಬಂದದ್ದು ಅದರ ಬಾಲ ಮಾತ್ರ. ಬೀದರ್ ನಗರದಲ್ಲಿ ಆ ಸಂಜೆ ಕೆಲವು ಕೊಂಬೆಗಳು ಮುರಿದವು, ಕರೆಂಟ್ ಹೋಯಿತು, ಬಸ್ ನಿಲ್ದಾಣದ ಎದುರು ಒಂದು ಹೋರ್ಡಿಂಗ್ ಹರಿದು ಬಿತ್ತು. ನಾನು ಕೆಲಸ ಮಾಡುವ ಪತ್ರಿಕೆಯಲ್ಲಿ ಮೊದಲ ಪುಟವೆಲ್ಲ ಕರಾವಳಿಯ ಚಿತ್ರಗಳಿಗೆ ಹೋಯಿತು. ಔರಾದ್ ತಾಲ್ಲೂಕಿನ ಗಾಳಿ ಮಳೆಗೆ ಒಳಪುಟದಲ್ಲಿ ನಾಲ್ಕು ಸಾಲು ಸಿಕ್ಕಿತು. ಆ ಸಾಲುಗಳನ್ನು ಬರೆದವನು ನಾನೇ. ‘ಕೆಲವು ಮನೆಗಳಿಗೆ ಹಾನಿಯಾಗಿದೆ’ ಎಂದು ಬರೆದದ್ದರಲ್ಲಿ ನನ್ನ ಅಕ್ಕನ ಮನೆಯೂ ಸೇರಿತ್ತೆಂದು ಬೆಳಿಗ್ಗೆ ಅವಳ ಫೋನ್ ಬಂದಾಗ ಗೊತ್ತಾಯಿತು.

“ತಮ್ಮಾ, ಮನಿ ಹೋಯ್ತು ನೋಡು.”

“ಯಾರಿಗೂ ಏನೂ ಆಗಿಲ್ಲಲ್ಲ ಅಕ್ಕಾ?”

“ಮಂದಿ ಎಲ್ಲಾ ಆರಾಮ ಅದೀವಿ. ಮನಿ ಹೋಯ್ತು ಅಂದೆ.”

ಅಕ್ಕನ ಊರು ಎಕಂಬಾ ದಾಟಿದ ಮೇಲೆ ಬರುವ ಒಂದು ಸಣ್ಣ ಹಳ್ಳಿ. ಅವಳ ಗಂಡ, ನಾನು ಮಾಮಾ ಎಂದು ಕರೆಯುವವರು, ಕುರಿ ಸಾಕುತ್ತಾರೆ. ಜೊತೆಗೆ ಒಂದಿಷ್ಟು ಒಣಭೂಮಿಯಲ್ಲಿ ತೊಗರಿ ಬೆಳೆಯುತ್ತಾರೆ. ಕಲ್ಲು ಮಣ್ಣಿನ ಗೋಡೆ, ಮೇಲೆ ತಗಡು, ಒಂದು ಪಡಸಾಲೆ, ಒಳಗೊಂದು ಕೋಣೆ. ನಾನು ಹೋಗಿ ನೋಡಿದಾಗ ಹಿಂದಿನ ಗೋಡೆ ಪೂರ್ತಿ ಮಲಗಿತ್ತು. ಎಡಗಡೆಯ ಗೋಡೆ ಸೊಂಟದ ಮಟ್ಟಕ್ಕೆ ಉಳಿದಿತ್ತು. ಮುಂದಿನ ಗೋಡೆ ನಿಂತಿತ್ತು, ಆದರೆ ಅದರ ಬಿರುಕಿನಲ್ಲಿ ನನ್ನ ಅಂಗೈ ಹೋಗುತ್ತಿತ್ತು. ತಗಡುಗಳು ಹಾರಿ ಹೋಗಿ, ಒಂದು ಮಾತ್ರ ದೂರದ ಹೊಲದ ಬೇವಿನ ಮರಕ್ಕೆ ಶಾಲಿನಂತೆ ಸುತ್ತಿಕೊಂಡಿತ್ತು. ಜೋಳದ ಚೀಲ ನೆನೆದು ಬಾಯಿ ಬಿಟ್ಟಿತ್ತು.

ಕುರಿಗಳಿಗೆ ಏನೂ ಆಗಿರಲಿಲ್ಲ. ಹೊಲದಲ್ಲಿ ಮುಳ್ಳುಬೇಲಿಯ ಹಟ್ಟಿಯಲ್ಲಿದ್ದವು. ಮಾಮಾ ಕಲ್ಲಿನ ರಾಶಿಯ ಮೇಲೆ ಕೂತು ನಕ್ಕರು. “ಬಯಲಾಗ ಇದ್ದದ್ದು ಉಳೀತು, ಮನ್ಯಾಗ ಇದ್ದದ್ದು ಹೋಯ್ತು. ಇನ್ನ ಮ್ಯಾಲೆ ನಾವೂ ಹಟ್ಟ್ಯಾಗೇ ಮಲಗಬೇಕು ನೋಡ್ರಿ.”

ನಾನು ಫೋನಿನಲ್ಲಿ ಎಲ್ಲ ಕಡೆಯಿಂದ ಚಿತ್ರ ತೆಗೆದೆ. ಮಳೆಗಾಲಕ್ಕೆ ಹೆಚ್ಚು ಸಮಯವಿರಲಿಲ್ಲ. ಅಷ್ಟರೊಳಗೆ ಮನೆ ‘ಪೂರ್ಣ ಹಾನಿ’ ಎಂದು ದಾಖಲಾದರೆ ಹೊಸದಾಗಿ ಕಟ್ಟಿಕೊಳ್ಳಲು ಸರ್ಕಾರದ ನೆರವು ಸಿಗುತ್ತದೆ. ‘ಭಾಗಶಃ’ ಎಂದಾದರೆ ಸಿಗುವುದು ತಗಡಿಗೂ ಸಾಲದು. ಇದನ್ನು ಅವರಿಗೆ ವಿವರಿಸಿ ಬೀದರಿಗೆ ಮರಳಿದೆ. ಗೋಡೆ ಬಿದ್ದದ್ದು ಯಾರ ಕಣ್ಣಿಗೂ ಬೀಳುವಂತಿತ್ತು. ಹೇಳಲು ಇನ್ನೇನಾದರೂ ಇದೆ ಎಂದು ಅನ್ನಿಸಲಿಲ್ಲ.

ಸರ್ಕಾರದ ಇಂಜಿನಿಯರ್ ಪರಿಶೀಲನೆಗೆ ಬರುವ ಸುದ್ದಿ ಊರಿಗೆ ತಲುಪಿದ್ದು ಹಿಂದಿನ ಸಂಜೆ. ನನಗೆ ತಲುಪಿದ್ದು ಅವರು ಬರುವ ದಿನ ಬೆಳಿಗ್ಗೆ. ನಾನು ಬಸ್ಸಿಳಿದು ನಡೆದು ಹೋಗುವಷ್ಟರಲ್ಲಿ ಇಂಜಿನಿಯರರ ಬೈಕು ಅಕ್ಕನ ಮನೆಯ ಮುಂದೆ ನಿಂತಿತ್ತು.

ಅಂಗಳ ಸೆಗಣಿಯಿಂದ ಸಾರಿಸಿ ಇನ್ನೂ ಹಸಿಯಾಗಿತ್ತು. ಮೇಲೆ ರಂಗೋಲಿ. ಬಿದ್ದ ಕಲ್ಲುಗಳನ್ನೆಲ್ಲ ಎತ್ತಿ, ಹಿಂದಿನ ಗೋಡೆ ಇದ್ದ ಜಾಗದಲ್ಲೇ ಎದೆಯ ಮಟ್ಟಕ್ಕೆ ಅಂದವಾಗಿ ಒಟ್ಟಿದ್ದರು. ಮುಂದಿನ ಗೋಡೆಯ ಬಿರುಕಿಗೆ ಮಣ್ಣು ಮೆತ್ತಿ ಸುಣ್ಣ ಬಳಿದಿದ್ದರು. ಸಾಹೇಬರಿಗೆ ಬಿಸಿಲು ಬಡಿಯಬಾರದೆಂದು ಪಕ್ಕದ ಮನೆಯವರ ತಗಡುಗಳನ್ನು ಎರವಲು ತಂದು ಮೇಲೆ ಹೊದಿಸಿದ್ದರು. ಮೂರನೇ ಮನೆಯ ಖಾಲಾ, ಅಕ್ಕನಿಗೆ ಎಲ್ಲದಕ್ಕೂ ಆಸರೆಯಾದ ಮುದುಕಿ, ತನ್ನ ಪ್ಲಾಸ್ಟಿಕ್ ಕುರ್ಚಿ, ಹೂವಿನ ಚಾದರ, ಚಹಾದ ಕಪ್-ಬಸಿ ಎಲ್ಲವನ್ನೂ ಹೊತ್ತು ತಂದಿದ್ದಳು. ಇಂಜಿನಿಯರ್ ಆ ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದರು.

ಅಕ್ಕನನ್ನು ಪಕ್ಕಕ್ಕೆ ಕರೆದೆ. “ಅಕ್ಕಾ, ಇದೇನು ಮಾಡೀದಿ?”

“ಏನ್ ಮಾಡೀನಿ? ದೊಡ್ಡ ಮಂದಿ ಮನೀಗಿ ಬರ್ತಾರ ಅಂದ್ರ ಹೊಲಸ ಹಾಂಗೇ ಇಡಬೇಕೇನು? ನಮ್ಮವ್ವ ಇದ್ದಿದ್ರ ಕೆನ್ನೀಗಿ ಹೊಡೀತಿದ್ಳು.”

ಖಾಲಾ ನನ್ನ ತೋಳು ತಟ್ಟಿದಳು. “ಫಿಕರ್ ನಕ್ಕೋ ಬೇಟಾ. ಚಾಯ್‌ದಾಗ ಯಾಲಕ್ಕಿ ಹಾಕೀನಿ.”

ಇಂಜಿನಿಯರ್ ಕೆಟ್ಟವರಲ್ಲ. ಎದ್ದು ಸುತ್ತು ಹಾಕಿದರು, ಫೋನಿನ ಆ್ಯಪಿನಲ್ಲಿ ಎದುರಿನಿಂದ ಒಂದು, ಪಕ್ಕದಿಂದ ಒಂದು ಚಿತ್ರ ತೆಗೆದರು. ಹಿಂದಿನ ಗೋಡೆ ಬಿದ್ದದ್ದನ್ನು ಮಾಮಾ ಹೇಳಿದರು. “ಗ್ವಾಡಿ ನಿಂತದಲ್ರಿ,” ಎಂದರು ಇಂಜಿನಿಯರ್. “ಅದು ಗ್ವಾಡಿ ಅಲ್ರಿ ಸಾಹೇಬ್ರ, ಕಲ್ಲು ಒಟ್ಟೀವಿ,” ಎಂದರು ಮಾಮಾ. ನಾನು ನನ್ನ ಚಿತ್ರಗಳನ್ನು ತೋರಿಸಿದೆ. ಅವರು ಒಂದೊಂದನ್ನೂ ನೋಡಿ, ತಲೆಯಾಡಿಸಿ, ಫೋನು ಮರಳಿ ಕೊಟ್ಟರು. “ನಿಮ್ಮ ಮಾತು ಖರೇ ಅದರಿ. ಆದ್ರ ಆ್ಯಪಿಗಿ ಹೊರಗಿನ ಫೋಟೋ ನಡಿಯಂಗಿಲ್ಲ. ನಾ ನಿಂತ ಜಾಗದಾಗಿಂದ ನಾನೇ ತೆಗೀಬೇಕು. ತೆಗೆದ್ರ ರಂಗೋಲಿ ಬರ್ತದ. ನಾ ಏನ್ ಮಾಡ್ಲಿ?” ಹೊರಡುವಾಗ ಅಕ್ಕನಿಗೆ ಕೈ ಮುಗಿದು, “ಚಾ ಛಲೋ ಇತ್ರಿ ಅಕ್ಕಾರ,” ಎಂದರು.

ಮನೆ ‘ಭಾಗಶಃ’ ಎಂದು ದಾಖಲಾಯಿತು. ಆ ಊರಿನಲ್ಲಿ ಹೆಚ್ಚು ಕಡಿಮೆ ಎಲ್ಲರದೂ ಅದೇ ಕಥೆ. ಎಲ್ಲರೂ ಗುಡಿಸಿದ್ದರು, ಸಾರಿಸಿದ್ದರು, ನಿಂತಿರುವಷ್ಟಕ್ಕೆ ಸುಣ್ಣ ಬಳಿದಿದ್ದರು. ‘ಪೂರ್ಣ ಹಾನಿ’ ಎಂದಾದದ್ದು ಒಂದೇ ಮನೆ. ಅದರ ಯಜಮಾನ ಬೀಗ ಹಾಕಿಕೊಂಡು ಹೆಂಡತಿ ಮಕ್ಕಳೊಡನೆ ಹೈದರಾಬಾದಿಗೆ ದುಡಿಯಲು ಹೋಗಿದ್ದ. ಅಲ್ಲಿ ಕಸ ಹೊಡೆಯಲು ಯಾರೂ ಇರಲಿಲ್ಲ.

ಮರುಪರಿಶೀಲನೆ ಕೇಳಲು ನಾನೂ ಮಾಮಾನೂ ಔರಾದಿನ ತಾಲ್ಲೂಕು ಕಚೇರಿಗೆ ಹೋದೆವು. ಒಮ್ಮೆ ಆ್ಯಪಿಗೆ ಏರಿಸಿದ ಚಿತ್ರವನ್ನು ಇಲ್ಲಿ ಇಳಿಸಲು ಬರುವುದಿಲ್ಲ, ಬೀದರಿನಲ್ಲಿ ಕೇಳಿ ಎಂದರು. ಬೀದರಿನಲ್ಲಿ, ತಾಲ್ಲೂಕಿನಿಂದ ಬರೆದು ಬಂದರೆ ನೋಡಬಹುದು ಎಂದರು. ಎಲ್ಲಿಯೂ ಯಾರೂ ಗದರಲಿಲ್ಲ. ಒಬ್ಬ ಗುಮಾಸ್ತ ಮಾಮಾನಿಗೆ ಕೂರಲು ಸ್ಟೂಲು ಕೊಟ್ಟು, ತನ್ನ ಮಾವನ ಮನೆಯ ತಗಡೂ ಹಾರಿದ್ದನ್ನು ಹೇಳಿಕೊಂಡ. ಹೊರಗೆ ಬಂದು ಮಾಮಾ, “ಎಲ್ಲಾರೂ ಎಷ್ಟ್ ಛಲೋ ಮಾತಾಡ್ತಾರ ನೋಡ್ರಿ. ಬೈದಿದ್ರ ಮನೀಗಿ ಹೋಗಿ ಹೇಳ್ಳಿಕ್ಕಿ ಏನರ ಇರ್ತಿತ್ತು,” ಎಂದರು.

ಭಾಲ್ಕಿಯ ಒಂದು ಕಲ್ಯಾಣ ಮಂಟಪದಲ್ಲಿ ಯಾರೋ ದಾನಿಗಳು ಸೂರಿಗೆ ಹೊದಿಸುವ ತಾಡಪತ್ರಿ ಹಂಚುತ್ತಿದ್ದಾರೆಂದು ತಿಳಿದು ಅಕ್ಕನನ್ನು ಕರೆದುಕೊಂಡು ಅಲ್ಲಿಗೂ ಹೋದೆ. ಸಾಲು ಗೇಟಿನ ಹೊರಗೆ ರಸ್ತೆಯವರೆಗೆ ಬಂದಿತ್ತು. ನಮ್ಮ ಮುಂದೆ ಖಟಕ ಚಿಂಚೋಳಿಯ ಹೆಂಗಸೊಬ್ಬಳಿದ್ದಳು. ಮಾತಿಗೆ ಮಾತು ಬೆಳೆದು ಅಕ್ಕ ತನ್ನ ಕಥೆಯನ್ನೆಲ್ಲ ಹೇಳಿದಳು. ಆ ಹೆಂಗಸು ಸೆರಗು ಬಾಯಿಗೆ ಹಿಡಿದು ನಕ್ಕಳು.

“ಯವ್ವಾ, ಸುಣ್ಣಾ ಬಳದು ಯಾಲಕ್ಕಿ ಚಾ ಕುಡಿಸಿದ್ರ ಅವರು ಬೀಗರ ಮನೀಗಿ ಬಂದೀವಿ ಅನ್ಕೊಂಡ್ರು. ಒಂದು ಸೀರಿ ಉಡಿಸಿ ಕಳಸಬೇಕಿತ್ತು!”

ಅಕ್ಕನೂ ನಕ್ಕಳು. ಗಾಳಿ ಬೀಸಿದ ಮೇಲೆ ಅವಳು ನಕ್ಕದ್ದನ್ನು ನಾನು ನೋಡಿದ್ದು ಅಂದು ಒಂದೇ ಸಲ. ನಮ್ಮ ಸರದಿ ಬಂದಾಗ ತಾಡಪತ್ರಿಗಳಿದ್ದವು, ಆದರೆ ಅವು ಪೂರ್ಣ ಹಾನಿಯಾದ ಮನೆಗಳವರಿಗೆ. ಹಂಚುತ್ತಿದ್ದವರು ಕೂಡ ಸರ್ಕಾರದ ಪಟ್ಟಿಯನ್ನೇ ಹಿಡಿದು ಕೂತಿದ್ದರು. ಖಟಕ ಚಿಂಚೋಳಿಯ ಹೆಂಗಸು ತನ್ನದನ್ನು ತಲೆಯ ಮೇಲೆ ಹೊತ್ತು, ನಮ್ಮ ಕಡೆ ತಿರುಗಿ ನೋಡದೆ, ಬೇಗ ಬೇಗ ಬಸ್ಸಿನತ್ತ ನಡೆದಳು.

ಜೂನ್ ಮೊದಲ ವಾರ ಮರುಪರಿಶೀಲನೆಗೆ ಒಪ್ಪಿಗೆ ಸಿಕ್ಕಿತು. ದಿನ ಹೇಳಲಿಲ್ಲ, ಯಾವಾಗಲಾದರೂ ಬರಬಹುದು ಎಂದರು. ಅಕ್ಕನಿಗೆ ಫೋನ್ ಮಾಡಿ, ಈ ಸಲ ಏನನ್ನೂ ಮುಟ್ಟಬೇಡ, ಇದ್ದದ್ದು ಇದ್ದ ಹಾಗೇ ಇರಲಿ ಎಂದು ಹೇಳಿದೆ.

ಅವಳು ನಾನು ಹೇಳಿದ್ದಕ್ಕಿಂತ ಹೆಚ್ಚೇ ಪಾಲಿಸಿದಳು. ಎರವಲು ತಗಡುಗಳನ್ನು ಮರಳಿಸಿದಳು. ಮಾಮಾ ಒಟ್ಟಿದ ಕಲ್ಲನ್ನು ಕೆಡವಿದರು. ಬೆಳಕು ಹರಿಯುವ ಮುಂಚೆ ಅಂಗಳ ಗುಡಿಸದೆ ಒಂದು ದಿನವನ್ನೂ ಆರಂಭಿಸದ ಹೆಂಗಸು ಪೊರಕೆಯನ್ನು ಖಾಲಾಳ ಮನೆಯಲ್ಲಿಟ್ಟಳು, ಕೈ ತಡೆಯಲಿಕ್ಕಿಲ್ಲವೆಂದು. ಕುರಿಗಳ ಜೊತೆ ಹೊಲದಲ್ಲೇ ಇರೋಣವೆಂದು ಮಾಮಾ ಕರೆದರು. ತಾನು ಹೋದಾಗಲೇ ಅವರು ಬಂದರೆ ಏನು ಗತಿ ಎಂದು ಅವಳು ಒಪ್ಪಲಿಲ್ಲ. ಹಗಲು ಆ ಮಣ್ಣಿನ ಗುಡ್ಡೆಯ ಮುಂದೆ ಕೂರುತ್ತಿದ್ದಳು, ರಾತ್ರಿ ಖಾಲಾಳ ಪಡಸಾಲೆಯಲ್ಲಿ ಮಲಗುತ್ತಿದ್ದಳು.

ಒಂದು ಭಾನುವಾರ ನಾನು ಹೋದಾಗ ಅಂಗಳದಲ್ಲಿ ಬೇವಿನೆಲೆ, ಕೋಳಿ ಹಿಕ್ಕೆ, ಕೊಚ್ಚೆ. ನನ್ನನ್ನು ಕಂಡು ಅವಳು ಎದ್ದು ಅಡ್ಡ ಬಂದಳು.

“ಒಳಗ ಬರಬ್ಯಾಡೋ ತಮ್ಮಾ. ಖಾಲಾನ ಕಟ್ಟಿ ಮ್ಯಾಲೆ ಕೂಡು.”

“ಯಾಕ ಅಕ್ಕಾ, ನಾನೇನು ಹೊರಗಿನವನಾ?”

“ನೀ ಬಂದಿ ಅಂದ್ರ ಒಂದು ಕಡ್ಡಿ ಎತ್ತಿ ಈ ಕಡಿ ಇಡ್ತೇನಿ. ಒಂದು ಎತ್ತಿದ್ರ ಎಲ್ಲಾ ಎತ್ತತೇನಿ. ಬ್ಯಾಡ.”

ತವರಿನವನೊಬ್ಬ ಬಂದಾಗ ಒಂದು ಚೊಂಬು ನೀರು ಕೊಡಲಾಗದೆ ಅವಳು ಮುಖ ತಿರುಗಿಸಿಕೊಂಡು ನಿಂತಳು. ನೀರು ಖಾಲಾ ತಂದುಕೊಟ್ಟಳು.

ಮಳೆ ಹಿಡಿಯಿತು. ಉಳಿದಿದ್ದ ಮುಂದಿನ ಗೋಡೆಯೂ ಬಿತ್ತು. ಈಗ ಆ ಮನೆ ಯಾವ ಆ್ಯಪಿನ ಕಣ್ಣಿಗೂ ಪೂರ್ಣ ಹಾನಿಯೇ. ಯಾರೂ ಬರಲಿಲ್ಲ.

ಜುಲೈನ ಒಂದು ಸಂಜೆ ಸುದ್ದಿಮನೆಗೆ ಒಂದು ಪ್ರಕಟಣೆ ಬಂತು. ಚಂಡಮಾರುತದ ಹಾನಿಯ ಪರಿಶೀಲನೆ ಮುಗಿದಿದೆ, ಹೊಸ ಅರ್ಜಿಗಳನ್ನೂ ಮರುಪರಿಶೀಲನೆಯ ಕೋರಿಕೆಗಳನ್ನೂ ಪರಿಗಣಿಸಲಾಗುವುದಿಲ್ಲ ಎಂದು. ಸಂಬಂಧಪಟ್ಟ ಅಧಿಕಾರಿಗೆ ಫೋನ್ ಮಾಡಿ ಖಚಿತಪಡಿಸಿಕೊಂಡೆ. ತಪ್ಪಿರಲಿಲ್ಲ. ಜಾಗಕ್ಕೆ ತಕ್ಕಂತೆ ಕತ್ತರಿಸಿ, ಶೀರ್ಷಿಕೆ ಕೊಟ್ಟು ಪುಟಕ್ಕೆ ಕಳಿಸಿದೆ. ಆಮೇಲೆ ಮೆಟ್ಟಿಲ ಬಳಿ ನಿಂತು ಅಕ್ಕನಿಗೆ ಫೋನ್ ಮಾಡಿ ಅದನ್ನೇ ಅವಳ ಮಾತಿನಲ್ಲಿ ಹೇಳಿದೆ. ಇನ್ನು ಯಾರೂ ಬರುವುದಿಲ್ಲ ಎಂದೆ.

ಆ ಕಡೆ ಮಳೆಯ ಸದ್ದು ಕೇಳುತ್ತಿತ್ತು.

“ಹಂಗಾರ,” ಎಂದಳು, “ನಾಳಿಂದ ಕಸಾ ಹೊಡೀಲೇನು?”

“ಹೊಡಿ ಅಕ್ಕಾ,” ಎಂದೆ.