ಕ್ಯಾಸೆಟ್ಟಿನಲ್ಲಿ ಉಳಿದ ಕಿರಿಚಾಟ

ಜಿಲಾನಿಸಾಬರು ಮಸ್ಕಿಯ ಜೂನಿಯರ್ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದರು. ಸೂತ್ರ ಬಾಯಿಪಾಠ ಮಾಡಿಸಿ ಪಾಸು ಮಾಡಿಸುವುದರಲ್ಲಿ ಪಳಗಿದ ಕೈ. ಸಂತೆಕಲ್ಲೂರಿನಿಂದ ಬಸ್ಸಿಗೆ ಬರುತ್ತಿದ್ದ ಪಕೀರಮ್ಮ ಒಂದು ದಿನ ಕಲನಶಾಸ್ತ್ರದ ಪಾಠದ ನಡುವೆ ಎದ್ದು ನಿಂತಳು.

“ಸರ್, ಗೆರಿಗೆ ಏರು ಐತಿ ಅನ್ನಾಕ ಎರಡು ಜಾಗ ಬೇಕಲ್ರೀ. ಒಂದ ಚುಕ್ಕಿಯೊಳಗ ಏರು ಹೆಂಗ ಇರ್ತೈತ್ರೀ?”

ಜಿಲಾನಿಸಾಬರಿಗೆ ಉತ್ತರ ಗೊತ್ತಿತ್ತು, ತೋರಿಸಲು ಬರಲಿಲ್ಲ. ಅದು ಅವರನ್ನು ಒಳಗೊಳಗೇ ತಿನ್ನತೊಡಗಿತು.

ಅದೇ ವರ್ಷ, ಎಂಬತ್ತಾರರಲ್ಲಿ, ಕಾಲೇಜಿಗೆ ಒಂದು ಕಂಪ್ಯೂಟರ್ ಬಂತು. ಪ್ರಿನ್ಸಿಪಾಲ್ ಬಸ್ಸಪ್ಪನವರು ಅದಕ್ಕೆ ಕುಂಕುಮ ಹಚ್ಚಿ, ಹಾರ ಹಾಕಿ, ರಾಯಚೂರಿನಿಂದ ಶಿಕ್ಷಣ ಇಲಾಖೆಯ ಸಾಹೇಬರು ಬಂದು ಉದ್ಘಾಟಿಸುವ ತನಕ ಮಕ್ಕಳು ಒಳಗೆ ಕಾಲಿಡಕೂಡದೆಂದು ಬೀಗ ಜಡಿದರು. ಕಲಿಕೆಗೆಂದು ಬಂದ ಯಂತ್ರ ದೇವರಾಗಿ ಕೂತಿತು. ಜಿಲಾನಿಸಾಬರಿಗೆ ಮಾತ್ರ ಪ್ರವೇಶ, ಅದೂ ಚಪ್ಪಲಿ ಹೊರಗೆ ಬಿಟ್ಟು. ಕೈಪಿಡಿ ಹಿಡಿದು ಒದ್ದಾಡಿ ಅವರೊಂದು ಪ್ರೋಗ್ರಾಂ ಬರೆದರು. ಗುಂಡಿ ಒತ್ತಿದಷ್ಟೂ ಡೊಂಕು ಗೆರೆಯ ಮೇಲಿನ ಎರಡು ಚುಕ್ಕಿ ಹತ್ತಿರ ಸರಿಯುವವು. ಅವನ್ನು ಕೂಡಿಸಿದ ನೇರ ಗೆರೆ ಹೊರಳುತ್ತ ಹೊರಳುತ್ತ ಕೊನೆಗೆ ಒಂದೇ ಚುಕ್ಕಿಯಲ್ಲಿ ತಾಗಿ ನಿಲ್ಲುವುದು. ಆಗ ಪ್ರೋಗ್ರಾಂ ಉಳಿಸಿಡಲು ಹಾಡಿನ ಕ್ಯಾಸೆಟ್ಟೇ ಗತಿ; ಕಂಪ್ಯೂಟರಿಗೆ ಮಾತ್ರ ತಿಳಿಯುವ ಕೀರಲು ಸದ್ದಾಗಿ ಅದು ಟೇಪಿನಲ್ಲಿ ಕೂರುತ್ತಿತ್ತು. ಉಳಿಸಿ ಟೇಪ್‌ರೆಕಾರ್ಡರಿನ ಪಕ್ಕ ಇಟ್ಟರು. ಸಾಹೇಬರ ಮುಂದೆ ನೀನೇ ಗುಂಡಿ ಒತ್ತು ಎಂದು ಪಕೀರಮ್ಮನಿಗೆ ಹೇಳಿದರು.

ಉದ್ಘಾಟನೆಯ ಹಿಂದಿನ ದಿನ ಬಸ್ಸಪ್ಪನವರಿಗೆ ಮೈಕಿನಲ್ಲಿ ಹಾಕಲು ಸ್ವಾಗತಗೀತೆ ರೆಕಾರ್ಡ್ ಮಾಡಿಸುವ ಹುಕಿ ಬಂತು. ಕೈಗೆ ಸಿಕ್ಕ ಕ್ಯಾಸೆಟ್ ಹಾಕಿ ಕೇಳಿದರೆ ಬರೀ ಕಿರಿಚಾಟ. ಯಾರೋ ರೆಕಾರ್ಡಿಂಗ್ ಕೆಡಿಸಿದ್ದಾರೆ, ಅಳಿಸಿದರೆ ನಡೆದೀತು ಎಂದುಕೊಂಡು ಅದರ ಮೇಲೆಯೇ ಹಾಡಿಸಿದರು.

ಮರುದಿನ ಸಾಹೇಬರ ಮುಂದೆ ಜಿಲಾನಿಸಾಬರು ಕ್ಯಾಸೆಟ್ ಹಾಕಿದರು. ಕಂಪ್ಯೂಟರ್ ಏನನ್ನೂ ಎತ್ತಿಕೊಳ್ಳಲಿಲ್ಲ. ಪಕೀರಮ್ಮ ಗುಂಡಿಯ ಮೇಲೆ ಬೆರಳಿಟ್ಟು ನಿಂತೇ ಇದ್ದಳು. ಮತ್ತೆ ಬರೆದು ತೋರಿಸಲು ಒಂದು ವಾರ ಕೊಡಿ ಎಂದು ಜಿಲಾನಿಸಾಬರು ಬೇಡಿಕೊಂಡರು. ನಡೆಸಲು ಬಾರದವರಿಗೆ ಈ ಯಂತ್ರವೇಕೆ, ಸಿಂಧನೂರಿನ ಕಾಲೇಜಿಗೆ ಕಳಿಸಿ ಎಂದು ಸಾಹೇಬರು ಎದ್ದುಹೋದರು. ಕಂಪ್ಯೂಟರ್ ಆ ವಾರವೇ ಅಲ್ಲಿಗೆ ಹೋಯಿತು.

ಆದದ್ದು ತಿಳಿದ ಮೇಲೆ ಬಸ್ಸಪ್ಪನವರು ಅಂದದ್ದು ಇಷ್ಟೇ: “ಹಾಡು ಛಲೋ ಬಂದೈತಿ ಬಿಡ್ರೀ. ಅದರಾಗ ಏನಿತ್ತು, ಬರೀ ಕಿರಿಚಾಟ.”

ಪಕೀರಮ್ಮ ಸೂತ್ರ ಬಾಯಿಪಾಠ ಮಾಡಿ ಪಾಸಾದಳು. ಮತ್ತೆ ಯಾವ ಪ್ರಶ್ನೆಯನ್ನೂ ಕೇಳಲಿಲ್ಲ.

ತೊಂಬತ್ತೈದರಲ್ಲಿ ಜಿಲಾನಿಸಾಬರು ನಿವೃತ್ತರಾಗುವ ತನಕ ಪ್ರತಿ ವಾರ್ಷಿಕೋತ್ಸವಕ್ಕೂ ಅದೇ ಕ್ಯಾಸೆಟ್ಟು. ಹಾಡು ಮುಗಿದ ಕೂಡಲೇ, ಅಳಿಯದೆ ಉಳಿದ ಕಿರಿಚಾಟ ಶುರುವಾಗುತ್ತಿತ್ತು. ಮಕ್ಕಳು ಕಿವಿ ಮುಚ್ಚಿಕೊಂಡು ನಗುತ್ತಿದ್ದರು. ಉಳಿದಿರುವುದು ಪ್ರೋಗ್ರಾಮಿನ ಕೊನೆಯ ಭಾಗ, ಗೆರೆ ಬಂದು ಚುಕ್ಕಿಗೆ ತಾಗುವ ಭಾಗ ಎಂಬುದು ವೇದಿಕೆಯ ಮೇಲೆ ಕೂತ ಒಬ್ಬರಿಗೇ ಗೊತ್ತಿತ್ತು. ಬಂದ್ ಮಾಡಿ ಎಂದು ಯಾರಾದರೂ ಹೇಳುವ ಮೊದಲೇ ಅವರು ಎದ್ದು ಹೋಗಿ ತಾವೇ ಬಂದ್ ಮಾಡುತ್ತಿದ್ದರು.