ಮೂರನೇ ಬಾವಿ

ಕೊನೆಕೊನೆಗೆ ನನ್ನ ಭಾವನಿಗೆ ಬೇಕಾಗಿದ್ದುದು ಒಂದೇ. ‘ನಿನ್ನ ಹೆಂಡತಿ ಸತ್ತದ್ದು ನಿನ್ನ ತಪ್ಪಿನಿಂದ’ ಎಂದು ಯಾರಾದರೂ ಅವರ ಮುಖಕ್ಕೆ ಹೇಳಬೇಕಾಗಿತ್ತು. ಊರಲ್ಲಿ ಒಬ್ಬರೂ ಹೇಳಲಿಲ್ಲ. ಹಣೆಬರಹ ಎಂದರು, ಋಣ ಅಷ್ಟೇ ಇತ್ತು ಎಂದರು. ಇಂಥ ಮಾತುಗಳು ಬಿಟ್ಟಿ ಸಿಗುತ್ತವೆ, ಹಾಗಾಗಿ ಜನ ಧಾರಾಳವಾಗಿ ಕೊಡುತ್ತಾರೆ. ಸತ್ತವಳು ನನ್ನ ಒಡಹುಟ್ಟಿದ ಅಕ್ಕ. ಹಾಗೆ ಹೇಳುವ ಹಕ್ಕು ಯಾರಿಗಾದರೂ ಇದ್ದಿದ್ದರೆ ಅದು ನನಗಿತ್ತು.

ಭಾವ ಬೋರ್ಡು ಬರೆಯುತ್ತಿದ್ದರು. ಊರೆಲ್ಲ ಅವರನ್ನು ಬೋರ್ಡಣ್ಣ ಎಂದೇ ಕರೆಯುತ್ತಿತ್ತು. ನನ್ನ ಹೊಲಿಗೆ ಅಂಗಡಿಯ ಪಕ್ಕದಲ್ಲೇ ಅವರ ಶೆಡ್ಡು. ಬೆಳಗ್ಗೆಯಿಂದ ಸಂಜೆಯವರೆಗೆ ಟರ್ಪೆಂಟೈನ್ ವಾಸನೆ, ತಗಡಿನ ಮೇಲೆ ದಾರ ಎಳೆದು ಗೆರೆ ಹಾಕುವ ಸದ್ದು. ಅವರಿಗೊಂದು ಹುಚ್ಚಿತ್ತು. ಯಾವುದೇ ಓಣಿಯ ಹೆಸರು ಬರೆಯುವ ಮೊದಲು ಆ ಓಣಿಗೆ ಹೋಗಿ, ಅಲ್ಲಿನ ಹಳೇ ತಲೆಗಳನ್ನು ಹುಡುಕಿ, ಹೆಸರಿನ ಒಂದೊಂದು ಪದ ಯಾಕೆ ಬಂತು ಎಂದು ಕೇಳಿ ಬರುತ್ತಿದ್ದರು. “ಅರ್ಥ ಗೊತ್ತಿಲ್ದೆ ಬರೆದ್ರೆ ಕೈ ಅಳ್ಳಾಡುತ್ತೆ ಕಣೋ” ಎನ್ನುತ್ತಿದ್ದರು. ಕೇಳಿದ್ದನ್ನೆಲ್ಲ ಶೆಡ್ಡಿನ ಗೋಡೆಯ ಮೇಲೆ ಪೆನ್ಸಿಲ್‌ನಲ್ಲಿ ಗೀಚಿಡುತ್ತಿದ್ದರು.

ಹಾಗೆ ಗೊತ್ತಾದದ್ದೇ ಬೂದಿಸಾಲಿನ ಕಥೆ. ಅಲ್ಲಿ ಒಂದು ಮಧ್ಯಾಹ್ನ ಹನ್ನೊಂದು ಮನೆಗಳು ಸಾಲಾಗಿ ಸುಟ್ಟಿದ್ದವಂತೆ. ಕುಂಟನ ದಿಬ್ಬದ ಕುಂಟ ಒಬ್ಬ ಕಾವಲುಗಾರ. ನೆರೆ ಬಂದಾಗ ಅವನ ಕೂಗು ಕೇಳಿ ಜನ ದಿಬ್ಬ ಹತ್ತಿ ಬದುಕಿಕೊಂಡರು, ಅವನು ಮಾತ್ರ ಹತ್ತಲಾಗದೆ ಕೊಚ್ಚಿಹೋದ. ನಮ್ಮ ಊರಿನಲ್ಲಿ ಚಂದಕ್ಕೆಂದು ಇಟ್ಟ ಹೆಸರು ಒಂದೂ ಇಲ್ಲ ಎಂದು ಭಾವ ಹೇಳುತ್ತಿದ್ದರು.

“ಊರಿನ ಓಣಿಗಳ ಜಾತಕ ಎಲ್ಲ ಬಾಯಿಪಾಠ. ಮನೇಲಿ ಉಪ್ಪಿನ ಡಬ್ಬಿ ಎಲ್ಲಿದೆ ಅಂತ ಕೇಳು, ಕಣ್ ಕಣ್ ಬಿಡ್ತಾರೆ” ಎಂದು ಅಕ್ಕ ನನ್ನೆದುರು ಅವರನ್ನು ಆಡಿಕೊಳ್ಳುತ್ತಿದ್ದಳು. ಅವಳಿಗೆ ಗಂಡನ ಹುಚ್ಚಿನ ಬಗ್ಗೆ ಒಳಗೊಳಗೇ ಹೆಮ್ಮೆ. ಬೇರೆ ಯಾರಾದರೂ ಆಡಿಕೊಂಡರೆ ಮಾತ್ರ ಅವರ ಜನ್ಮ ಜಾಲಾಡಿಬಿಡುತ್ತಿದ್ದಳು.

ಒಂದು ವರ್ಷ ಊರಿಗೆ ಯಾರೋ ದೊಡ್ಡ ಅಧಿಕಾರಿ ತಪಾಸಣೆಗೆ ಬರುತ್ತಾರೆಂದು ಪುರಸಭೆ ಕಚೇರಿಯವರಿಗೆ ಎದ್ದೆನೋ ಬಿದ್ದೆನೋ ಎನ್ನುವಂತಾಯಿತು. ಮೂರು ದಿನದಲ್ಲಿ ಹದಿನೇಳು ಬೋರ್ಡು ಆಗಬೇಕೆಂದರು. ತಗಡುಗಳನ್ನು ಅವರೇ ಒಂದೇ ಅಳತೆಗೆ ಕತ್ತರಿಸಿ ಕಳಿಸಿದ್ದರು. ಅಕ್ಷರ ಒಂದು ಗೇಣು ಎತ್ತರ ಇರಬೇಕು, ಹೆಸರು ಒಂದೇ ಸಾಲಿನಲ್ಲಿ ಮುಗಿಯಬೇಕು. ಓಣಿಗಳಿಗೆ ಹೋಗಿ ಕೇಳಲು ಪುರಸೊತ್ತೆಲ್ಲಿ? ಭಾವ ಹಳೆಯ ಬೋರ್ಡುಗಳನ್ನು ಎದುರಿಗಿಟ್ಟುಕೊಂಡು ಬರೆಯತೊಡಗಿದರು. ಹದಿನಾರು ಹೇಗೋ ಮುಗಿದವು. ಹದಿನೇಳನೆಯದು ‘ಮೂರು ಬಾವಿ ತಗ್ಗು’. ತಗಡು ಸಾಲಲಿಲ್ಲ.

ಭಾವ ಕುಂಚ ಹಿಡಿದು ನನ್ನ ಬಾಗಿಲಿಗೆ ಬಂದು ನಿಂತರು. “ತಗ್ಗು ಅಂದ್ರೆ ತಗ್ಗೇ. ಆದ್ರೆ ಅಲ್ಲಿರೋದು ಎರಡೇ ಬಾವಿ ಕಣೋ. ಮೂರನೇದು ಯಾವ್ದು?”

ನಾನು ಮಿಷನ್ ತುಳಿಯುವುದನ್ನು ನಿಲ್ಲಿಸಲೂ ಇಲ್ಲ. “ಬಟ್ಟೆ ಸಾಲ್ದಿದ್ರೆ ನಾವು ತೋಳು ಗಿಡ್ಡ ಮಾಡ್ತೀವಿ. ಮೂರನ್ನ ಹಾರಿಸಿ ಭಾವ. ಯಾರು ಎಣಿಸೋಕ್ ಹೋಗ್ತಾರೆ?” ಎಂದೆ.

ಅವರು ನಕ್ಕರು. ಮಾರನೇ ದಿನ ‘ಬಾವಿ ತಗ್ಗು’ ಎಂಬ ಬೋರ್ಡು ಕಂಬಕ್ಕೇರಿತು. ಆರು ತಿಂಗಳಲ್ಲಿ ಜನರ ಬಾಯಲ್ಲೂ ಅಷ್ಟೇ ಉಳಿಯಿತು. ಕಾಗದಪತ್ರಗಳಲ್ಲೂ ಅದೇ ಬಂತು.

ಹನ್ನೆರಡು ವರ್ಷ ಕಳೆಯಿತು. ನಲ್ಲಿ ಬಂದ ಮೇಲೆ ಆ ಎರಡೂ ಬಾವಿಗಳನ್ನು ಮಣ್ಣು ತುಂಬಿ ಮುಚ್ಚಿದರು. ತಗ್ಗಿನಲ್ಲಿ ನಿವೇಶನಗಳಾದವು. ಅಕ್ಕನಿಗೆ ಬಾಡಿಗೆ ಮನೆಗಳು ಸಾಕಾಗಿಹೋಗಿದ್ದವು. ಭಾವ ಅಲ್ಲೇ ಎರಡು ಕೋಣೆಯ ಮನೆ ಎಬ್ಬಿಸಿದರು. ಪಾಯ ತೆಗೆಯುವ ದಿನ ಗಾರೆ ಮೇಸ್ತ್ರಿ ತಲೆ ಕೆರೆದುಕೊಂಡು, “ಅಣ್ಣಾ, ಹೆಸರಲ್ಲೇ ಬಾವಿ ಅಂತಿದೆ. ಹಿತ್ತಲನ್ನೂ ಒಂದ್ಸಲ ಹಾರೆ ಹಾಕಿ ನೋಡ್ಲಾ?” ಎಂದು ಕೇಳಿದ.

“ಎರಡೂ ಬಾವಿ ಮುಚ್ಚಿದ್ದು ನನ್ನ ಕಣ್ಣಾರೆ ನೋಡಿದೀನಿ. ಆ ಬೋರ್ಡು ಬರೆದವನೇ ನಾನು, ನಂಗೆ ಹೇಳ್ತೀಯಾ?” ಎಂದರು ಭಾವ.

ನಾನೂ ಅಲ್ಲೇ ಇದ್ದೆ. ನಿಜ ಹೇಳುತ್ತೇನೆ, ಆ ‘ಮೂರು’ ನನ್ನ ತಲೆಗೂ ಬರಲಿಲ್ಲ.

ಮನೆಯೊಳಗೆ ಹೋಗಿ ನಾಲ್ಕನೇ ತಿಂಗಳು. ಐದು ದಿನ ಬಿಡದೆ ಮಳೆ ಹೊಡೆದು, ಆರನೇ ದಿನ ಬೆಳಗ್ಗೆ ಬಿಸಿಲು ಬಿತ್ತು. ಅಕ್ಕ ಗುಡ್ಡೆ ಬಿದ್ದಿದ್ದ ಬಟ್ಟೆ ಒಗೆಯಲು ಹಿತ್ತಲಿಗೆ ಹೋದಳು. ಭಾವ ಒಳಗೆ ಹಲ್ಲುಜ್ಜುತ್ತಿದ್ದರು. ಬಟ್ಟೆ ಬಡಿಯುವ ಸದ್ದು ಕೇಳುತ್ತಿತ್ತು, ನಿಂತಿತು. ಹೋಗಿ ನೋಡಿದರೆ ಒಗೆಯುವ ಕಲ್ಲೂ ಇಲ್ಲ, ಅಕ್ಕನೂ ಇಲ್ಲ. ಅಲ್ಲೊಂದು ಗುಂಡಿ, ಅದರ ಬಾಯಲ್ಲಿ ಕೊಳೆತ ತೊಲೆಯ ತುಂಡು, ಕೆಳಗೆಲ್ಲೋ ನೀರು. ಹಗಲು ಕಂಡ ಬಾವಿಗೆ ಇರುಳು ಬೀಳುವವರನ್ನು ದಡ್ಡರೆನ್ನುತ್ತಾರೆ. ನನ್ನ ಅಕ್ಕ ಹಾಡಹಗಲಲ್ಲಿ, ಯಾರೂ ಕಾಣದ ಬಾವಿಗೆ ಬಿದ್ದಳು. ಮೇಲೆತ್ತುವಾಗ ಮಧ್ಯಾಹ್ನವಾಗಿತ್ತು. ಅವಳ ಮುಷ್ಟಿಯಲ್ಲಿ ಭಾವನ ಬಣ್ಣ ಮೆತ್ತಿದ ಅಂಗಿಯಿತ್ತು. ಬಿಡಿಸಲು ಆಗಲಿಲ್ಲ, ಹಾಗೆಯೇ ಕಳಿಸಿದೆವು.

ಎಲ್ಲ ಮುಗಿದ ಮೇಲೆ ಭಾವ ತಗ್ಗಿನ ಕೊನೆಯ ಮನೆಗೆ ಹೊರಟರು. ಅಲ್ಲಿ ತೊಂಬತ್ತು ದಾಟಿದ ಸೂಲಗಿತ್ತಿ ಅಜ್ಜಿಯೊಬ್ಬಳಿದ್ದಳು. ಬಿದ್ದುಗಿದ್ದಾರೆಂದು ನಾನೂ ಜೊತೆಗೆ ಹೋದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅಜ್ಜಿ ಕಣ್ಣು ಕಿರಿದು ಮಾಡಿ ಭಾವನನ್ನು ನೋಡಿದಳು.

“ನಾನು ಸಣ್ಣವಳಿದ್ದಾಗ ಆ ಮೂರನೇ ಬಾವೀಲಿ ಎರಡು ಮಕ್ಳು ಬಿದ್ದು ಸತ್ವು. ತುಂಬೋಕೆ ಮಣ್ಣು ಹೊರೋರು ಯಾರು? ತೊಲೆ ಹಾಸಿ ಮೇಲೆ ಮಣ್ಣು ಎಳೆದ್ರು. ಮುಚ್ಚಿದ ಮೇಲೂ ಹೆಸರಲ್ಲಿ ಮೂರು ಅಂತ ಬಿಟ್ಟಿದ್ದು ಬೇಕು ಅಂತಾನೇ ಕಣಪ್ಪ. ಕಣ್ಣಿಗೆ ಎರಡೇ ಕಂಡ್ರೆ, ಇನ್ನೊಂದು ಎಲ್ಲಿ ಅಂತ ಬಂದೋರು ಕೇಳ್ಲಿ ಅಂತ.”

ಭಾವ ಅಜ್ಜಿಯ ಎದುರು ನೆಲದ ಮೇಲೆ ಕೂತರು.

“ಬೋರ್ಡು ಬರೆಯೋನು ಎಲ್ಲಾ ಓಣಿಗೂ ಹೋಗಿ ಕೇಳ್ತಾನಂತೆ ಅಂತ ಕೇಳಿದ್ದೆ. ನಮ್ಮಲ್ಲಿಗೂ ಬರ್ತೀಯ ಅಂತ ಬಾಗಿಲಲ್ಲಿ ಕೂತಿದ್ದೆ. ನೀನು ಬರ್ಲೇ ಇಲ್ಲ” ಎಂದಳು. ಅದರಲ್ಲಿ ಆಪಾದನೆ ಇರಲಿಲ್ಲ. ಇದ್ದಿದ್ದರೆ ಭಾವ ಬದುಕಿಕೊಳ್ಳುತ್ತಿದ್ದರೇನೋ.

ಅಲ್ಲಿಂದ ನೆಟ್ಟಗೆ ಪೊಲೀಸರ ಹತ್ತಿರ ಹೋಗಿ, ಮೇಸ್ತ್ರಿಯದು ಏನೂ ತಪ್ಪಿಲ್ಲ, ಎಲ್ಲ ನನ್ನದೇ, ಬರೆದುಕೊಳ್ಳಿ ಎಂದು ಹಟ ಹಿಡಿದರು. ಅಲ್ಲಿದ್ದವರು ಒಳ್ಳೆಯವರು, ಕುರ್ಚಿ ಕೊಟ್ಟರು. “ಬೋರ್ಡಲ್ಲಿ ಒಂದು ಪದ ಬಿಟ್ಟಿದ್ದಕ್ಕೆ ಏನಂತ ಕೇಸ್ ಹಾಕೋದು ಯಜಮಾನ್ರೇ? ಮನೆಗೆ ಹೋಗಿ” ಎಂದರು.

ಮನೆಯೆಲ್ಲಿತ್ತು? ನಮ್ಮಲ್ಲೇ ಇರಿಸಿಕೊಂಡೆವು. ಕುಂಚ ಮುಟ್ಟಲಿಲ್ಲ, ಎರಡು ತುತ್ತಿಗಿಂತ ಹೆಚ್ಚು ತಿನ್ನಲಿಲ್ಲ. ದಿನಾ ಬಂದು ನನ್ನ ಮಿಷನ್ ಎದುರಿನ ಸ್ಟೂಲಿನ ಮೇಲೆ ಕೂತು ಅದನ್ನೇ ಕೇಳುತ್ತಿದ್ದರು. “ನೀನಾದ್ರೂ ಹೇಳೋ. ನಿನ್ನ ಅಕ್ಕ ಕಣೋ ಅವ್ಳು. ನಿಂಗೆ ಸಿಟ್ಟಿಲ್ವಾ?”

ಸಿಟ್ಟಿತ್ತು. ಎಷ್ಟಿತ್ತೆಂದರೆ ಅವರ ಉಸಿರಾಟದ ಸದ್ದೂ ಸಹಿಸಲಾಗುತ್ತಿರಲಿಲ್ಲ. ಆದರೆ ಬಾಯಿ ತೆರೆದಾಗೆಲ್ಲ ಅವತ್ತು ಈ ಬಾಗಿಲಲ್ಲಿ ‘ಮೂರನ್ನ ಹಾರಿಸಿ’ ಎಂದ ನನ್ನದೇ ಮಾತು ಅಡ್ಡ ಬರುತ್ತಿತ್ತು. ಅವರಿಗೆ ಅದು ನೆನಪಿತ್ತೋ ಇಲ್ಲವೋ, ಒಮ್ಮೆಯೂ ಎತ್ತಲಿಲ್ಲ. ನಾನೂ ಊರಿನವರಂತೆ ಹಣೆಬರಹ ಎನ್ನುತ್ತಾ ಏಳು ತಿಂಗಳು ತಳ್ಳಿದೆ.

ಒಂದು ಸಂಜೆ ಗಿರಾಕಿಗಳ ಮುಂದೆಯೇ ನನ್ನ ಕೈ ಹಿಡಿದುಕೊಂಡು ಕೇಳಿದರು. ಆ ಕೈ ಕಡ್ಡಿಯಾಗಿತ್ತು. ನನಗೆ ತಡೆಯಲಾಗಲಿಲ್ಲ.

“ಹೌದು ಭಾವ. ನೀವೇ ಕೊಂದ್ರಿ ಅವ್ಳನ್ನ. ಹೋಗಿ ಒಂದ್ಸಲ ಕೇಳಿದ್ದಿದ್ರೆ ಇವತ್ತು ಇರ್ತಿದ್ಲು.”

ಗಿರಾಕಿಗಳು ಬಟ್ಟೆ ಬಿಟ್ಟು ಹೊರಗೆ ಹೋದರು. ಭಾವ ಅಕ್ಕ ಸತ್ತ ಮೇಲೆ ಮೊದಲ ಸಲ ದನಿ ತೆಗೆದು ಅತ್ತರು. ಬಹಳ ಹೊತ್ತಾದ ಮೇಲೆ ಮುಖ ಒರೆಸಿಕೊಂಡು ನೀರು ಕೇಳಿ ಕುಡಿದರು. ಆ ದಿನ ಹೊಟ್ಟೆ ತುಂಬ ಉಂಡರು. ಮೂರನೇ ದಿನ ಮಲಗಿದವರು ಏಳಲಿಲ್ಲ.

ನೀರು ಕುಡಿದು ಲೋಟ ಕೆಳಗಿಡುವಾಗ ಅವರು ನನ್ನ ಬೆನ್ನು ತಟ್ಟಿ, “ಈ ಊರಲ್ಲಿ ನಿಜ ಹೇಳಿದೋನು ನೀನೊಬ್ನೇ ಕಣೋ” ಎಂದಿದ್ದರು. ನಾನು ತಲೆ ತಗ್ಗಿಸಿ ಲೋಟ ತೆಗೆದುಕೊಂಡೆ. ಮತ್ತೆ ಮಿಷನ್ ತುಳಿಯತೊಡಗಿದೆ.